ಬಾಡಿಗೆಯ ಬಂಡಿ, ಬಲಗಡೆಯ ದಾರಿ

ಕನ್ನಡದಲ್ಲಿ ಬಲವೆಂದರೆ ಶಕ್ತಿ, ಬಲಗಡೆಯೂ ಬಲವೇ. ಎಡದ ವಿಷಯದಲ್ಲಿ ಭಾಷೆ ಅಷ್ಟು ಉದಾರವಾಗಿಲ್ಲ. ಎಡವುವುದು, ಎಡವಟ್ಟು, ಎಡಬಿಡಂಗಿತನ – ಕಿವಿಗೆ ಎಡದ ನೆನಪನ್ನು ತರುವ ಮಾತುಗಳಲ್ಲಿ ಒಳ್ಳೆಯದೆಂಬುದು ಅಪರೂಪ. ಹೊಸ ಸೊಸೆ ಬಲಗಾಲನ್ನಿಟ್ಟು ಹೊಸಿಲು ದಾಟಬೇಕು. ತೀರ್ಥವನ್ನು ಬಲಗೈಯಲ್ಲಿ ಸ್ವೀಕರಿಸಬೇಕು. ದೇವರನ್ನು ಬಲಕ್ಕೆ ಇಟ್ಟುಕೊಂಡು ಸುತ್ತಬೇಕು. ಇಷ್ಟರ ಮಟ್ಟಿಗೆ ಬಲಕ್ಕೆ ಮಣೆ ಹಾಕುವ ಕನ್ನಡ ನಾಡಿನ ಜನ ರಸ್ತೆಗೆ ಇಳಿದೊಡನೆ ಅಪ್ಪಟ ಎಡಪಂಥೀಯರಾಗುತ್ತಾರೆ! ಬ್ರಿಟಿಷರು ಹಾಕಿಕೊಟ್ಟ ಈ ಪದ್ಧತಿ ಈಗ ಮೈಗೆ ಎಷ್ಟು ಹತ್ತಿದೆಯೆಂದರೆ, ಅದು ಪದ್ಧತಿಯೆಂಬುದೇ ಯಾರಿಗೂ ನೆನಪಿರುವುದಿಲ್ಲ. ಉಸಿರಾಡುವವನಿಗೆ ಉಸಿರಿನ ನೆನಪಿರುವುದೆ?

ಆ ನೆನಪು ಬರಬೇಕಾದರೆ ಪರದೇಶಕ್ಕೆ ಹೋಗಿ, ಅಲ್ಲೊಂದು ಕಾರನ್ನು ಬಾಡಿಗೆಗೆ ಪಡೆದು, ಸ್ವತಃ ಓಡಿಸಬೇಕು. ರೈಲಿನಲ್ಲಿ ಕುಳಿತು ದೇಶ ನೋಡುವವನು ಆ ದೇಶದ ಅತಿಥಿ. ಅವನ ತಪ್ಪು ಒಪ್ಪುಗಳಿಂದ ಯಾರಿಗೂ ಹಾನಿಯಿಲ್ಲ. ಆದರೆ ಚಕ್ರವನ್ನು ಕೈಯಲ್ಲಿ ಹಿಡಿದವನು ಆ ಕ್ಷಣದಿಂದಲೇ ಅಲ್ಲಿಯ ಸಂಸಾರದಲ್ಲಿ ಒಬ್ಬನಾದ. ಅವನು ಎಡವಿದರೆ ಬೀಳುವವನು ಅವನೊಬ್ಬನೇ ಅಲ್ಲ.

ಈಚೆಗೆ ಒಂದು ಜೂನ್ ತಿಂಗಳಿನಲ್ಲಿ ಮೈಸೂರಿನ ಒಂದು ಸಂಸಾರ ಹೀಗೆ ಹೊರಟಿತು. ಯಜಮಾನರು ಇಪ್ಪತ್ತು ವರ್ಷಗಳಿಂದ ಕಾರು ಓಡಿಸಿದವರು. ಮೈಯ ಮೇಲಾಗಲಿ ಕಾರಿನ ಮೇಲಾಗಲಿ ದೊಡ್ಡ ಗಾಯವಿಲ್ಲದವರು. ಆದ್ದರಿಂದಲೇ ತಮ್ಮ ಚಾಲನೆಯ ವಿಷಯದಲ್ಲಿ ಸ್ವಲ್ಪ ಅಭಿಮಾನವುಳ್ಳವರು. ಗೃಹಿಣಿ ಹದಿನೈದು ವರ್ಷ ಸ್ಕೂಟರಿನಲ್ಲಿ ಕಚೇರಿಗೆ ಹೋಗಿ ಬಂದವರು. ಕಾರಿನಲ್ಲಿ ಆಕೆಯದು ಪಕ್ಕದ ಆಸನ. ಆ ಆಸನಕ್ಕೆ ಆ ಮನೆಯಲ್ಲಿ ಒಂದೇ ಒಂದು ನಿಬಂಧನೆಯಿತ್ತು. "ಬಸ್ಸು ಬರ್ತಿದೆ, ನೋಡಿ" ಎಂದೋ, "ಸ್ವಲ್ಪ ನಿಧಾನ" ಎಂದೋ ಆಕೆ ಹೇಳಿದಾಗಲೆಲ್ಲ ಬರುತ್ತಿದ್ದ ಉತ್ತರ: "ಓಡಿಸುವಾಗ ಮಾತಾಡಬೇಡ. ನನಗೆ ಕಣ್ಣಿಲ್ಲವೆ?" ಹೀಗೆ ಎಷ್ಟೋ ಸಲ ಕೇಳಿದ ಮೇಲೆ ಆಕೆ ಹೇಳುವುದನ್ನು ಬಿಟ್ಟುಬಿಟ್ಟಿದ್ದರು. ಹನ್ನೆರಡು ವರ್ಷದ ಮಗಳು ಶಾಲೆಯಲ್ಲಿ ಜ್ವಾಲಾಮುಖಿಯ ಪಾಠ ಓದಿ ಬಂದವಳು. ಅವಳ ಹಟದಿಂದಲೇ ಸಂಸಾರದ ಹಲವು ವರ್ಷಗಳ ಉಳಿತಾಯ ಐಸ್‌ಲ್ಯಾಂಡ್ ದ್ವೀಪದ ಕಡೆಗೆ ಹರಿಯಿತು.

ಐಸ್‌ಲ್ಯಾಂಡಿನಲ್ಲಿ ರೈಲುಮಾರ್ಗವಿಲ್ಲ. ದೇಶವನ್ನು ಸುತ್ತಿ ಬರಲು ಇರುವುದು ಒಂದನೆಯ ನಂಬರಿನ ಹೆದ್ದಾರಿ; ವರ್ತುಲ ರಸ್ತೆಯೆಂದು ಅದಕ್ಕೆ ಹೆಸರು. ಒಟ್ಟು ಉದ್ದ ಸುಮಾರು 1,322 ಕಿಲೋಮೀಟರು. ಸ್ವಂತ ಇಚ್ಛೆಯಂತೆ ನಿಂತು ನೋಡಿ ಮುಂದುವರಿಯಬೇಕಾದರೆ ಬಾಡಿಗೆಯ ಕಾರೇ ಅನುಕೂಲ.

ಅದಕ್ಕೆ ಪೂರ್ವಸಿದ್ಧತೆಯೆಂದರೆ ಕಾಗದಪತ್ರ. ಸಾರಿಗೆ ಕಚೇರಿಯಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯೆಂಬ ಒಂದು ಪುಟ್ಟ ಪುಸ್ತಿಕೆಯನ್ನು ಕೊಡುತ್ತಾರೆ. 1949ರಲ್ಲಿ ಜಿನೀವಾದಲ್ಲಿ ಆದ ಒಪ್ಪಂದದ ಫಲ ಅದು. ಊರಿನ ಪರವಾನಗಿಯ ಸಾರವನ್ನು ಹಲವು ಭಾಷೆಗಳಲ್ಲಿ ಹೇಳುವ ದುಭಾಷಿ ಅದು. ಆಯುಸ್ಸು ಒಂದು ವರ್ಷ. ಮೂಲ ಪರವಾನಗಿ ಜೊತೆಗಿಲ್ಲದಿದ್ದರೆ ಅದಕ್ಕೆ ಬೆಲೆಯಿಲ್ಲ. ದುಭಾಷಿ ಎಷ್ಟು ಚತುರನಾದರೇನು, ಮಾತಾಡಬೇಕಾದವನೇ ಬಾರದಿದ್ದರೆ? ಇಷ್ಟಾಗಿ ಆ ಪುಸ್ತಿಕೆ ಸಾರುವುದು ಇವನಿಗೆ ಕಾರು ಓಡಿಸಲು ಬರುತ್ತದೆ ಎಂದು ಮಾತ್ರ. ಯಾವ ಕಡೆಯಲ್ಲಿ ಓಡಿಸಲು ಬರುತ್ತದೆ ಎಂಬ ಪ್ರಶ್ನೆಗೆ ಅದರಲ್ಲಿ ಕೋಷ್ಠಕವಿಲ್ಲ.

ಕೆಫ್ಲಾವಿಕ್ ವಿಮಾನ ನಿಲ್ದಾಣದ ಬಳಿ ಕಾರನ್ನು ಪಡೆಯುವಾಗ ಎರಡನೆಯ ಪಾಠ. ಮೊದಲು, ಚಾಲಕನ ಹೆಸರಿನಲ್ಲಿಯೇ ಇರುವ ಕ್ರೆಡಿಟ್ ಕಾರ್ಡಿನಲ್ಲಿ ಒಂದು ಮೊತ್ತವನ್ನು ಠೇವಣಿಯಂತೆ ತಡೆಹಿಡಿಯುತ್ತಾರೆ. ಅನಂತರ ವಿಮೆಯ ಪಟ್ಟಿ. ಡಿಕ್ಕಿಯಾದರೆ ಒಂದು ವಿಮೆ, ಕಳುವಾದರೆ ಒಂದು, ಜಲ್ಲಿ ಸಿಡಿದು ಗಾಜು ಒಡೆದರೆ ಇನ್ನೊಂದು, ಮರಳು ಮತ್ತು ಬೂದಿ ಬೀಸಿ ಬಣ್ಣ ಕಿತ್ತುಹೋದರೆ ಮತ್ತೊಂದು! ಬೂದಿಯೆಂದಾಗ ಯಜಮಾನರು ನಕ್ಕರು, ಮಗಳು ನಗಲಿಲ್ಲ. 2010ರ ಏಪ್ರಿಲಿನಲ್ಲಿ ಎಯ್ಯಾಫ್ಯಾಟ್ಲಾಯೋಕುಟ್ಲ್ ಎಂಬ ಜ್ವಾಲಾಮುಖಿ ಉಗುಳಿದ ಬೂದಿಯಿಂದ ಯೂರೋಪಿನ ವಿಮಾನ ಸಂಚಾರವೇ ದಿನಗಟ್ಟಲೆ ನಿಂತುಹೋದ ಕಥೆಯನ್ನು ಅವಳು ತಂದೆಗೆ ಹೇಳಿದಳು. ಗಾಳಿ ಹೊಡೆದು ಕಾರಿನ ಬಾಗಿಲು ಮುರಿದರೆ ಮಾತ್ರ ಸಾಮಾನ್ಯವಾಗಿ ಯಾವ ವಿಮೆಯೂ ಒದಗುವುದಿಲ್ಲ. ಬಾಗಿಲು ತೆರೆಯುವಾಗ ಒಂದು ಕೈಯಿಂದ ಅದನ್ನು ಬಿಗಿಯಾಗಿ ಹಿಡಿದಿರಬೇಕು. ಹೊಳೆಯನ್ನು ದಾಟಲು ಹೋಗಿ ಎಂಜಿನ್ನಿಗೆ ನೀರು ನುಗ್ಗಿದರೂ ಅಷ್ಟೆ, ಖರ್ಚೆಲ್ಲ ಬಾಡಿಗೆದಾರನದೇ. ನಾಲ್ಕು ಚಕ್ರಕ್ಕೂ ಚಾಲನೆಯುಳ್ಳ ಗಾಡಿಯಿಲ್ಲದೆ ಒಳನಾಡಿನ ಬೆಟ್ಟದ ರಸ್ತೆಗಳಿಗೆ ಹೋಗುವಂತಿಲ್ಲ. ರಸ್ತೆಯನ್ನು ಬಿಟ್ಟು ಬಯಲಿನಲ್ಲಿ ಓಡಿಸುವುದಂತೂ ಅಪರಾಧ. ಏಕೆಂದರೆ ಅಲ್ಲಿಯ ಹಾವಸೆಯ ಮೇಲೆ ಬಿದ್ದ ಚಕ್ರದ ಗುರುತು ಮಾಯಲು ಎಷ್ಟೋ ವರ್ಷಗಳೇ ಬೇಕು.

ಯಜಮಾನರು ಎಲ್ಲಕ್ಕೂ ಸಹಿ ಹಾಕಿದರು. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದು, ಮೊದಲೇ ಇದ್ದ ಗೀರುಗಳ ಚಿತ್ರಗಳನ್ನು ಮೊಬೈಲಿನಲ್ಲಿ ತೆಗೆದುಕೊಂಡರು. ವ್ಯವಹಾರದಲ್ಲಿ ಯಾವ ಲೋಪವೂ ಇರಲಿಲ್ಲ. ಆಮೇಲೆ ಬಾಗಿಲು ತೆರೆದು ಗಂಭೀರವಾಗಿ ಕುಳಿತರು. ಎದುರಿಗೆ ಚಕ್ರವೇ ಇಲ್ಲ! ಅದು ಎಡಗಡೆಯಲ್ಲಿ, ಗೃಹಿಣಿ ಕುಳಿತ ಕಡೆಯಲ್ಲಿತ್ತು. ಇಪ್ಪತ್ತು ವರ್ಷಗಳ ಅನುಭವ ಇಬ್ಬರನ್ನೂ ಅವರವರ ಹಳೆಯ ಜಾಗಕ್ಕೇ ಕರೆದೊಯ್ದಿತ್ತು.

ಜಾಗ ಬದಲಾಯಿಸಿಕೊಂಡು ಹೊರಟದ್ದಾಯಿತು. ಗೇರು ಬದಲಿಸಲು ಹೋದ ಎಡಗೈ ಬಾಗಿಲಿಗೆ ಬಡಿಯಿತು. ತಿರುವಿನ ದೀಪ ಹಾಕಲು ಹೋದರೆ ಗಾಜಿನ ಮೇಲಿನ ವೈಪರು ಆಡತೊಡಗಿತು; ಮಳೆಯಿಲ್ಲದ ಆಕಾಶದ ಕೆಳಗೆ ಅದು ಕಿರಿಕಿರಿಯೆಂದು ಅತ್ತಿತ್ತ ಓಡುವಾಗ ಮಗಳಿಗೆ ನಗು ತಡೆಯಲಾಗಲಿಲ್ಲ. ರೇಕ್ಯಾವಿಕ್ ನಗರ ಅಲ್ಲಿಂದ ಸುಮಾರು ಐವತ್ತು ಕಿಲೋಮೀಟರು. ದಾರಿಯಲ್ಲಿ ವೃತ್ತಗಳು. ಮೈಸೂರಿನ ಕೃಷ್ಣರಾಜ ವೃತ್ತದಲ್ಲಿ ವಾಹನಗಳು ಮಹಾರಾಜರ ಪ್ರತಿಮೆಯನ್ನು ಬಲಕ್ಕೆ ಇಟ್ಟುಕೊಂಡು, ಶಾಸ್ತ್ರಕ್ಕೆ ಒಪ್ಪುವಂತೆ ಪ್ರದಕ್ಷಿಣೆ ಹಾಕುತ್ತವೆ. ಇಲ್ಲಿ ಎಲ್ಲವೂ ಅಪ್ರದಕ್ಷಿಣೆ! ಇನ್ನೂ ವಿಶೇಷವೆಂದರೆ, ಎರಡು ಸಾಲುಗಳಿರುವ ವೃತ್ತದಲ್ಲಿ ಒಳಸುತ್ತಿನಲ್ಲಿರುವವನು ಹೊರಗೆ ಬರುವಾಗ ಹೊರಸುತ್ತಿನವನು ದಾರಿ ಬಿಡಬೇಕು. ಹೊರಗಿನವನು ಒಳಗಿನವನನ್ನು ಕಾಯುವ ಈ ನಿಯಮ ತಿಳಿಯದ ಪರದೇಶಿಗಳು ಅಲ್ಲಿ ಬೆಪ್ಪಾಗುವುದು ಸಾಮಾನ್ಯ.

ಆ ಎರಡು ದಿನ ಯಜಮಾನರು ಹೊಸದಾಗಿ ಅಕ್ಷರ ಕಲಿಯುವ ಮಗುವಿನಂತಿದ್ದರು. ಪ್ರತಿಯೊಂದು ತಿರುವಿನಲ್ಲಿಯೂ ಬಾಯಿಪಾಠ. ಊರಿನೊಳಗೆ ಸಾಮಾನ್ಯವಾಗಿ ಗಂಟೆಗೆ 50 ಕಿಲೋಮೀಟರು, ಜಲ್ಲಿ ರಸ್ತೆಯಲ್ಲಿ 80, ಡಾಂಬರು ರಸ್ತೆಯಲ್ಲಿ 90 ಎಂಬ ಮಿತಿಯನ್ನು ಒಂದು ಕೂದಲೆಳೆಯಷ್ಟೂ ಮೀರಲಿಲ್ಲ. ಹಗಲಿನಲ್ಲಿಯೂ ದೀಪ ಉರಿಯುತ್ತಿರಬೇಕೆಂಬ ಕಾನೂನನ್ನು ಪಾಲಿಸಿದರು. ಒಂದೇ ಗಾಡಿ ಹಿಡಿಸುವಷ್ಟು ಅಗಲದ ಸೇತುವೆಗಳ ಬಳಿ, ಆ ತುದಿಗೆ ಮೊದಲು ಬಂದವನಿಗೆ ದಾರಿ ಬಿಟ್ಟು ನಿಂತರು. ಬೇಸಗೆಯಲ್ಲಿ ಕುರಿಗಳು ಅಲ್ಲಿ ಸ್ವೇಚ್ಛೆಯಾಗಿ ಅಲೆಯುತ್ತವೆ. ತಾಯಿ ಒಂದು ಪಕ್ಕ, ಮರಿ ಇನ್ನೊಂದು ಪಕ್ಕ ಇದ್ದರೆ, ಕಾರಿನ ಸದ್ದಿಗೆ ಬೆದರಿದ ಮರಿ ತಾಯಿಯ ಕಡೆಗೇ ಓಡುತ್ತದೆ, ನೇರವಾಗಿ ಚಕ್ರದ ಮುಂದೆ. ಅಂಥಲ್ಲಿ ಯಜಮಾನರು ಕಾಲ್ನಡಿಗೆಯ ವೇಗಕ್ಕೆ ಇಳಿದರು. ಭಯ ಅವರನ್ನು ಎಂದೂ ಇಲ್ಲದಷ್ಟು ಒಳ್ಳೆಯ ಚಾಲಕರನ್ನಾಗಿ ಮಾಡಿತ್ತು.

ಇದು ಒಬ್ಬ ಮನುಷ್ಯನ ಅನುಭವ ಮಾತ್ರವಲ್ಲ. ಇಡೀ ದೇಶಗಳ ಅನುಭವವೂ ಹೌದು. ಸ್ವೀಡನ್ನಿನ ಜನ ಒಂದು ಕಾಲಕ್ಕೆ ಎಡಗಡೆಯಲ್ಲಿಯೇ ಓಡಿಸುತ್ತಿದ್ದರು. 1955ರಲ್ಲಿ ಜನಮತ ಕೇಳಿದಾಗ ನೂರಕ್ಕೆ ಸುಮಾರು 83 ಮತಗಳು ಬಲ ಬೇಡವೆಂದೇ ಬಿದ್ದವು. ಆದರೂ ಸರ್ಕಾರ ನಿಶ್ಚಯಿಸಿತು. 1967ರ ಸೆಪ್ಟೆಂಬರ್ 3ರ ಬೆಳಗಿನ ಜಾವ 4 ಗಂಟೆ 50 ನಿಮಿಷಕ್ಕೆ ರಸ್ತೆಯ ಮೇಲಿದ್ದ ವಾಹನಗಳೆಲ್ಲ ನಿಂತವು. ಮೆಲ್ಲನೆ ಎಡದಿಂದ ಬಲಕ್ಕೆ ಸರಿದವು. ಮತ್ತೆ ನಿಂತು, 5 ಗಂಟೆಗೆ ಹೊಸ ಕಡೆಯಲ್ಲಿ ಹೊರಟವು. ಅದಕ್ಕೆ ಮೊದಲು ಹಾಲಿನ ಡಬ್ಬಿಗಳ ಮೇಲೆ, ಒಳಉಡುಪುಗಳ ಮೇಲೆ ಕೂಡ ಬದಲಾವಣೆಯ ಚಿಹ್ನೆಯನ್ನು ಅಚ್ಚು ಹಾಕಿ ಜನಕ್ಕೆ ನೆನಪು ಮಾಡಿದ್ದರು. ಐಸ್‌ಲ್ಯಾಂಡ್ ಕೂಡ ಹಿಂದೆ ಎಡಗಡೆಯ ದೇಶವೇ. ಅಲ್ಲಿ ಈ ಬದಲಾವಣೆಯ ಯೋಚನೆ 1940ರಷ್ಟು ಹಿಂದಿನದು. ಆ ವರ್ಷ ಬ್ರಿಟಿಷ್ ಸೈನ್ಯ ದ್ವೀಪಕ್ಕೆ ಬಂದಿಳಿದುದರಿಂದ ಅದು ಮುಂದಕ್ಕೆ ಹೋಯಿತು. ಕೊನೆಗೆ 1968ರ ಮೇ 26ರ ಬೆಳಗ್ಗೆ 6 ಗಂಟೆಗೆ ಇಡೀ ದೇಶ ಬಲಕ್ಕೆ ಸರಿಯಿತು. ಅಂದಿನ ಬದಲಾವಣೆಯಿಂದ ಗಾಯಗೊಂಡವನೆಂದು ದಾಖಲಾದವನು ಒಬ್ಬನೇ: ಸೈಕಲ್ಲಿನಿಂದ ಬಿದ್ದು ಕಾಲು ಮುರಿದುಕೊಂಡ ಹುಡುಗ.

ಅಪಘಾತಗಳ ಮಳೆಯೇ ಸುರಿಯುವುದೆಂದು ಅಂಜಿದ್ದ ಸ್ವೀಡನ್ನಿನಲ್ಲಿ ಅದಕ್ಕೆ ತಿರುಗುಮುರುಗಾಗಿ ಮೊದಮೊದಲು ಅಪಘಾತಗಳು ಕಡಮೆಯಾದವು. ಎಲ್ಲರೂ ಎಚ್ಚರವಾಗಿದ್ದರು. ಒಬ್ಬರನ್ನೊಬ್ಬರು ನೋಡಿ ಎಚ್ಚರಿಸುತ್ತಿದ್ದರು. 1969ರ ಹೊತ್ತಿಗೆ ಸಂಖ್ಯೆ ಹಳೆಯ ಮಟ್ಟಕ್ಕೆ ಬಂದು ನಿಂತಿತು. ಹೊಸ ದಾರಿ ಹಳತಾಯಿತು, ಭಯ ಕಳಚಿತು, ಭಯದೊಡನೆ ಎಚ್ಚರವೂ ಕಳಚಿತು. ಪರದೇಶದ ರಸ್ತೆ ಅಪಾಯಕರವಾಗುವುದು ಅದು ಅಪರಿಚಿತವಾಗಿರುವಾಗ ಅಲ್ಲ, ಪರಿಚಿತವೆಂಬ ಭ್ರಮೆ ಹುಟ್ಟಿದಾಗ.

ಮೈಸೂರಿನ ಸಂಸಾರಕ್ಕೆ ಆ ಭ್ರಮೆ ಹುಟ್ಟಿದ್ದು ಮೂರನೆಯ ದಿನ. ಆ ಹೊತ್ತಿಗೆ ಎಡಗೈ ಬಾಗಿಲಿಗೆ ಬಡಿಯುವುದು ನಿಂತಿತ್ತು. ವೈಪರು ಮಳೆ ಬಂದಾಗ ಮಾತ್ರ ಆಡುತ್ತಿತ್ತು. ಯಜಮಾನರು ಹಳೆಯ ಹಾಡೊಂದನ್ನು ಗುನುಗತೊಡಗಿದ್ದರು. ದಕ್ಷಿಣ ತೀರದ ವಿಕ್ ಎಂಬ ಹಳ್ಳಿಯನ್ನು ದಾಟಿ ಪೂರ್ವಕ್ಕೆ ಸಾಗಿದರೆ ಕಪ್ಪು ಮರಳಿನ ವಿಸ್ತಾರವಾದ ಬಯಲು ಸಿಗುತ್ತದೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ವಾತ್ನಾಯೋಕುಟ್ಲ್ ಎಂಬ ಮಹಾ ಹಿಮರಾಶಿ. 1974ರಲ್ಲಿ ಇಲ್ಲಿಯ ಸ್ಕೇಯ್ದಾರಾ ನದಿಗೆ ಸೇತುವೆ ಕಟ್ಟಿದ ಮೇಲೆಯೇ ವರ್ತುಲ ರಸ್ತೆ ವರ್ತುಲವಾದದ್ದು. 1996ರಲ್ಲಿ ಹಿಮದಡಿಯ ಜ್ವಾಲಾಮುಖಿ ಸಿಡಿದು, ನವೆಂಬರ್ ತಿಂಗಳಲ್ಲಿ ಕರಗಿದ ನೀರು ಒಮ್ಮೆಲೇ ನುಗ್ಗಿ ಬಂತು. ಸೇತುವೆಯ ಭಾಗಗಳು ಕೊಚ್ಚಿಹೋದವು. ಆಗ ತಿರುಚಿಹೋದ ಉಕ್ಕಿನ ತೊಲೆಗಳನ್ನು ಸ್ಮಾರಕವಾಗಿ ರಸ್ತೆಯ ಪಕ್ಕದಲ್ಲಿ ಇಟ್ಟಿದ್ದಾರೆ. ಆನೆ ಕಬ್ಬನ್ನು ಹಿಂಡಿ ಬಿಸುಟಂತೆ ಬಿದ್ದಿವೆ.

ಮಗಳು ಅವುಗಳ ಚಿತ್ರ ತೆಗೆದಳು. ಮೂವರೂ ಮಾತಿಲ್ಲದೆ ಸ್ವಲ್ಪ ಹೊತ್ತು ನಿಂತು ಕಾರಿಗೆ ಮರಳಿದರು. ಗಾಡಿ ನಿಲ್ಲಿಸಿದ ಆ ಜಲ್ಲಿಯ ಬಯಲಿನಲ್ಲಿ ಗೆರೆಗಳಿಲ್ಲ, ಬೇರೆ ಗಾಡಿಗಳಿಲ್ಲ. ರಸ್ತೆಯ ಮೇಲೆಯೂ ಯಾರೂ ಇಲ್ಲ. ತುಂತುರು ಮಳೆ, ತೆಳುವಾದ ಮಂಜು. ನೋಡಿ ಅನುಸರಿಸಲು ಇನ್ನೊಂದು ವಾಹನವಿಲ್ಲದ ಅಂಥ ಸ್ಥಳದಲ್ಲಿ ಕೈಗೆ ದಾರಿ ತೋರುವುದು ಕಣ್ಣಲ್ಲ, ಅಭ್ಯಾಸ. ಹುಟ್ಟುಗುಣ ಸುಟ್ಟರೂ ಹೋಗದು. ಯಜಮಾನರು ನೆಮ್ಮದಿಯಾಗಿ, ಹಾಡನ್ನು ಗುನುಗುತ್ತ, ಮೈಸೂರಿನ ಚಾಮರಾಜ ಜೋಡಿ ರಸ್ತೆಗೆ ಇಳಿಯುವಂತೆ ವರ್ತುಲ ರಸ್ತೆಗೆ ಇಳಿದರು – ಎಡಗಡೆಗೆ.

ವೇಗ 80 ಮುಟ್ಟಿತು. ಮಂಜಿನಲ್ಲಿ ಎರಡು ದೀಪಗಳು ಕಂಡವು. ಯಜಮಾನರಿಗೆ ಮೊದಲು ಬಂದದ್ದು ಭಯವಲ್ಲ, ಸಿಟ್ಟು. ಎದುರಿನ ಲಾರಿಯವನು ತಪ್ಪು ದಾರಿಯಲ್ಲಿ ಬರುತ್ತಿದ್ದಾನೆ, ಎಂಥ ಅವಿವೇಕಿ! ಅಭ್ಯಾಸವೆಂಬುದು ಹೀಗೆಯೇ. ತಾನು ತಪ್ಪಿದಾಗ ಲೋಕವೇ ತಪ್ಪಿದಂತೆ ತೋರಿಸುತ್ತದೆ.

"ಅಪ್ಪಾ, ಬಲಕ್ಕೆ! ಬಲಕ್ಕೆ!"

ಕೂಗಿದವಳು ಹಿಂದೆ ಕುಳಿತಿದ್ದ ಮಗಳು. ಚಕ್ರ ತಿರುಗಿತು. ಕಾರು ತನ್ನ ಕಡೆಗೆ ಸೇರಿತು. ಲಾರಿ ಒಂದೇ ಒಂದು ಸಲ ಹಾರ್ನು ಮಾಡಿ, ನೀರು ಚಿಮ್ಮಿಸುತ್ತ ಹೊರಟುಹೋಯಿತು. ಕಾರನ್ನು ಮುಂದೆ ಒಂದು ಕಡೆ ನಿಲ್ಲಿಸಿ ಯಜಮಾನರು ಬಹಳ ಹೊತ್ತು ಕುಳಿತರು. ಗೃಹಿಣಿ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟರು. ಲೋಟ ಹಿಡಿದ ಕೈ ನಡುಗುತ್ತಿತ್ತು. ಯಾರೂ ಯಾರನ್ನೂ ಬೈಯಲಿಲ್ಲ.

ಆ ದೇಶದಲ್ಲಿ ಜೂನ್ ತಿಂಗಳ ರಾತ್ರಿ ಕತ್ತಲಾಗುವುದಿಲ್ಲ. ಮಗಳು ಮಲಗಿದ ಮೇಲೆ ಗಂಡಹೆಂಡಿರು ವಸತಿಗೃಹದ ಕಿಟಕಿಯ ಬಳಿ, ಹಗಲಿನಂಥ ಆ ಬೆಳಕಿನಲ್ಲಿ ಕುಳಿತಿದ್ದರು.

"ನೀನು ನೋಡಲಿಲ್ಲವೆ?" ಎಂದು ಯಜಮಾನರು ಕೇಳಿದರು.

"ನೋಡಿದೆ. ರಸ್ತೆಗೆ ಇಳಿದಾಗಲೇ ನೋಡಿದೆ."

"ಮತ್ತೆ?"

"ಓಡಿಸುವಾಗ ಮಾತಾಡಬೇಡ ಅಂತ ನೀವೇ ಹೇಳಿದ್ದಿರಲ್ಲ. ಬಾಯಿಗೆ ಬಂತು, ಆಡೋದಕ್ಕೆ ಆಗಲಿಲ್ಲ."

ಆಕೆಯ ಧ್ವನಿಯಲ್ಲಿ ಆಕ್ಷೇಪಣೆಯಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅದಕ್ಕೇ ಆ ಮಾತು ಲಾರಿಗಿಂತ ಭಾರವಾಗಿ ಬಂದು ಬಡಿಯಿತು. ಎಡಕ್ಕೆ ಓಡಿಸುವುದು ಯಜಮಾನರ ಇಪ್ಪತ್ತು ವರ್ಷಗಳ ಅಭ್ಯಾಸವಾದರೆ, ಸುಮ್ಮನಿರುವುದು ಆಕೆಯ ಅಷ್ಟೇ ವರ್ಷಗಳ ಅಭ್ಯಾಸ. ಆ ಮಂಜಿನಲ್ಲಿ ಎರಡು ಅಭ್ಯಾಸಗಳೂ ಜೊತೆಯಾಗಿ ಕುಳಿತಿದ್ದವು. ಹನ್ನೆರಡು ವರ್ಷದ ಹುಡುಗಿಗೆ ಕಾರು ಓಡಿಸುವುದು ತಿಳಿಯದು. ಆದರೆ ಸುಮ್ಮನಿರುವುದನ್ನೂ ಅವಳು ಇನ್ನೂ ಕಲಿತಿರಲಿಲ್ಲ. ಮೂವರು ಬದುಕಿದ್ದು ಅದರಿಂದ.

ಕಾನೂನು ಚಕ್ರವನ್ನು ಒಬ್ಬನ ಕೈಗೆ ಕೊಡುತ್ತದೆ, ಅದು ಸರಿಯೇ. ಆದರೆ ಕಣ್ಣುಗಳನ್ನು ಒಬ್ಬನಿಗೇ ಕೊಟ್ಟಿಲ್ಲ. ಪಕ್ಕದಲ್ಲಿ ಕುಳಿತವರು ಹತ್ತು ಸಲ ಹೇಳಿದ ಮಾತಿನಲ್ಲಿ ಒಂಬತ್ತು ಅನಾವಶ್ಯಕವಾಗಿರಬಹುದು, ಕಿರಿಕಿರಿಯೂ ಆಗಬಹುದು. ಆ ಒಂಬತ್ತಕ್ಕೆ ಸಿಡುಕಿದವನು ತನಗೆ ಅರಿವಿಲ್ಲದೆಯೇ ಹತ್ತನೆಯದನ್ನೂ ಕಳೆದುಕೊಳ್ಳುತ್ತಾನೆ. ಬಾಡಿಗೆಯ ಕಾರಿನ ವಿಮೆಯ ಪಟ್ಟಿಯಲ್ಲಿ ಜಲ್ಲಿಗೆ, ಮರಳಿಗೆ, ಬೂದಿಗೆ ಕೂಡ ಒಂದೊಂದು ಸಾಲಿದೆ. ಪಕ್ಕದ ಆಸನದ ಮೌನಕ್ಕೆ ಸಾಲಿಲ್ಲ.

ಮರುದಿನ ಬೆಳಗ್ಗೆ ಮಗಳು ಒಂದು ಚೀಟಿಯಲ್ಲಿ 'ಬಲ' ಎಂದು ದಪ್ಪಕ್ಷರದಲ್ಲಿ ಬರೆದು ಚಕ್ರದ ಮುಂದೆ ಅಂಟಿಸಿದಳು. ಹೊಸ ಕಟ್ಟಳೆಯೊಂದನ್ನು ಯಜಮಾನರೇ ಮಾಡಿದರು. ಕಾರು ನಿಂತು ಹೊರಡುವಾಗಲೆಲ್ಲ ಮೂವರೂ ಗಟ್ಟಿಯಾಗಿ "ಬಲ" ಎನ್ನಬೇಕು. ಮೂರು ಧ್ವನಿ ಕೇಳಿದ ಮೇಲೆಯೇ ಗಾಡಿ ಕದಲುವುದು. ಮೊದಲ ದಿನ ಗೃಹಿಣಿಯ ಧ್ವನಿ ಸಣ್ಣದಾಗಿತ್ತು. "ಕೇಳಿಸಲಿಲ್ಲ" ಎಂದು ಯಜಮಾನರು ಇನ್ನೊಮ್ಮೆ ಹೇಳಿಸಿದರು. ವಾರ ಮುಗಿಯುವ ಹೊತ್ತಿಗೆ ಆಕೆ "ಮುಂದೆ ಒಂಟಿ ಸೇತುವೆ", "ಅಗೋ ಮರಿ, ತಾಯಿ ಆ ಕಡೆ ಇದೆ", "ಗಾಳಿ ಜೋರಾಗಿದೆ, ಬಾಗಿಲು ಹಿಡ್ಕೊಳ್ಳಿ" ಎಂದು ನಿಸ್ಸಂಕೋಚವಾಗಿ ಹೇಳುತ್ತಿದ್ದರು. ಹತ್ತರಲ್ಲಿ ಒಂಬತ್ತು ಅನಾವಶ್ಯಕವೇ. ಯಜಮಾನರು ಹತ್ತಕ್ಕೂ "ಹೂಂ" ಎಂದರು.

ಹಿಂದಿರುಗಿಸುವ ದಿನ ಇಂಧನ ತುಂಬಿಸಿ ಕಾರನ್ನು ಒಪ್ಪಿಸಿದ್ದಾಯಿತು. ನೌಕರನೊಬ್ಬ ಸುತ್ತ ಬಂದು ನೋಡಿದ. ಹೊಸ ಗೀರು ಒಂದೂ ಇರಲಿಲ್ಲ. ತೊಂದರೆಯೇನಾದರೂ ಆಯಿತೆ ಎಂದು ಅವನು ಸೌಜನ್ಯಕ್ಕೆ ಕೇಳಿದಾಗ, ಕಾರಿಗೇನೂ ಆಗಿಲ್ಲವೆಂದು ಯಜಮಾನರು ಸತ್ಯವನ್ನೇ ನುಡಿದರು. ತಡೆಹಿಡಿದ ಠೇವಣಿ ಪೂರ್ತಿಯಾಗಿ ಬಿಡುಗಡೆಯಾಯಿತು.

ಚೀಟಿಯನ್ನು ಮಗಳು ಕಿತ್ತು ತಂದಿದ್ದಳು. ಅದು ಈಗ ಮೈಸೂರಿನ ಮನೆಯಲ್ಲಿ ಕಾರಿನ ಕೀಲಿಕೈ ತೂಗುಹಾಕುವ ಮೊಳೆಯ ಪಕ್ಕದಲ್ಲಿದೆ. ನೋಡಿದವರು, ಎಡಗಡೆಯಲ್ಲಿ ಓಡಿಸಬೇಕಾದ ಊರಿನಲ್ಲಿ ಇದೇಕೆ ಎಂದು ನಗುತ್ತಾರೆ. ಆ ಮನೆಯಲ್ಲಿ ಅದರ ಅರ್ಥ ಈಗ ದಿಕ್ಕಲ್ಲ.